ಬುಧವಾರದ ಮೂರು ಕುರ್ಚಿ

ಆ ಮನೆಯ ಹಜಾರದಲ್ಲಿ ಮನುಷ್ಯರಿಗೆ ಜಾಗ ಕಡಿಮೆ. ಒಂದು ಗೋಡೆಯನ್ನು ಮಾವನ ಗ್ರಾಮಫೋನ್ ರೆಕಾರ್ಡುಗಳು ಪೂರ್ತಿ ನುಂಗಿದ್ದವು. ಎದುರಿನ ಮೂಲೆಯನ್ನು ಮಗಳ ಡಬಲ್ ಬೇಸ್ ಹಿಡಿದಿತ್ತು. ಪಿಟೀಲಿಗೆ ಹೊಟ್ಟೆ ತುಂಬ ಉಣ್ಣಿಸಿ ಆಳೆತ್ತರ ಬೆಳೆಸಿದರೆ ಹೇಗೋ ಹಾಗಿರುವ ವಾದ್ಯ ಅದು. ನಡುವೆ ಉಳಿದ ಅಂಗೈ ಅಗಲದ ಜಾಗದಲ್ಲಿ ಟೈಲರಮ್ಮ ಇಸ್ತ್ರಿ ಮೇಜು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ ಇಷ್ಟು ವರ್ಷ ಸಂಸಾರ ಮಾಡಿದ್ದಳು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆದರೂ ಅವಳು ಹೊಸ ಬಟ್ಟೆ ಹೊಲಿಯುವವಳಲ್ಲ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಮೈ ಬಂದವರಿಗೆ ಸೊಂಟದ ಹೊಲಿಗೆ ಬಿಡಿಸುವುದು, ಕಿತ್ತುಹೋದ ಜಿಪ್ಪು ಬದಲಿಸುವುದು ಅವಳ ಕೆಲಸ.

ಗಂಡ ಸ್ಕೂಲ್ ಬಸ್ಸಿನ ಡ್ರೈವರ್. ದಿನವಿಡೀ ಮಕ್ಕಳ ಕಿರುಚಾಟ ಕೇಳಿ ಮನೆಗೆ ಬಂದರೆ ಅಪ್ಪನ ರೆಕಾರ್ಡಿನ ಟ್ರಂಪೆಟ್ಟು, ಮಗಳ ಗುಂಯ್ ಗುಂಯ್. ಆದರೂ ಆಸಾಮಿ ಯಾರಿಗೂ ಎದುರಾಡಿದವನಲ್ಲ. ಡಬಲ್ ಬೇಸಿಗೆ ಮಾತ್ರ 'ಮನೆ ಅಳಿಯ' ಎಂದು ಹೆಸರಿಟ್ಟಿದ್ದ. "ದುಡಿಮೆ ಇಲ್ಲ, ಮೂಲೆ ಬಿಡಲ್ಲ, ಎಲ್ಲರೂ ಇವನನ್ನೇ ಸುತ್ತಿಕೊಂಡು ಓಡಾಡಬೇಕು" ಎನ್ನುತ್ತಿದ್ದ. ಮಗಳೂ ನಗುತ್ತಿದ್ದಳು.

ಮಾವ ಲಿಫ್ಟ್ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಪ್ರಾಯದಲ್ಲಿ ಯಾವುದೋ ಹೋಟೆಲಿನ ಲಿಫ್ಟ್ ರಿಪೇರಿಗೆ ಹೋದಾಗ ಅಲ್ಲಿಯ ಬಾರಿನವರು ಒಂದು ಪೆಟ್ಟಿಗೆ ಜಾಝ್ ರೆಕಾರ್ಡುಗಳನ್ನು ಕಸದ ಜೊತೆ ಹೊರಗಿಟ್ಟಿದ್ದರಂತೆ. ಅದನ್ನು ಹೊತ್ತು ತಂದ ದಿನದಿಂದ ಬೇರೆ ಸಂಗೀತ ಅವರ ಕಿವಿಗೆ ಹತ್ತಲಿಲ್ಲ. ಆಲ್ಬಮ್ಮುಗಳ ಹೆಸರು ನಾಲಿಗೆಯಲ್ಲಿ ಹೊರಳದೆ ಮನೆಯವರು ರಟ್ಟಿನ ಮೇಲಿನ ಚಿತ್ರ ನೋಡಿ ತಾವೇ ಹೆಸರಿಟ್ಟುಕೊಂಡಿದ್ದರು: ಒದ್ದೆ ಕೋಟು, ಸೇತುವೆ, ಹಲ್ಲು ಕಿರಿಯುವವನು, ಖಾಲಿ ಈಜುಕೊಳ. ಮಾವನಿಗೆ ಪ್ರಾಣವೆಂದರೆ ಒದ್ದೆ ಕೋಟು. ಪಿಯಾನೋ, ಬೇಸ್, ಡ್ರಮ್ಮು ಮೂರೇ ಮೂರು ವಾದ್ಯ, ನುಡಿಸಿದ ಮೂವರೂ ಎಂದೋ ಮಣ್ಣಾದವರು. ಟೈಲರಮ್ಮನಿಗೆ ಯಾವುದು ಇಷ್ಟ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಖಾಲಿ ಈಜುಕೊಳ ಎನ್ನುತ್ತಿದ್ದಳೋ ಏನೋ. ಅದರ ಒಂದು ಬದಿ ಮುಗಿಯುವುದರೊಳಗೆ ಮನೆಯವರೆಲ್ಲರ ಅಂಗಿ ಇಸ್ತ್ರಿ ಆಗುತ್ತಿತ್ತು.

ಪ್ರತಿ ಭಾನುವಾರ ಸಂಜೆ ಮಾವನ ಇಬ್ಬರು ಗೆಳೆಯರು, ರಿಟೈರಾದ ಪೋಸ್ಟ್ ಮಾಸ್ಟರು ಮತ್ತು ಕನ್ನಡಕದಂಗಡಿಯವರು, ಕೇಳುವುದಕ್ಕೆ ಬರುತ್ತಿದ್ದರು. ಆ ಕೂಟದ ಕಟ್ಟುನಿಟ್ಟು ಜೋರು. ರೆಕಾರ್ಡು ತಿರುಗುವಷ್ಟು ಹೊತ್ತೂ ಕಣ್ಣು ಮುಚ್ಚಿರಬೇಕು. ಮಾತಿಲ್ಲ, ಕೆಮ್ಮಿಲ್ಲ, ಕಾಲು ಕುಣಿಸುವಂತಿಲ್ಲ. ವಾರಕ್ಕೆ ಒಂದೇ ಬದಿ. ಮಗ್ಗುಲು ಬದಲಿಸುವುದು ಮುಂದಿನ ಭಾನುವಾರ. ಬದಿ ಮುಗಿದ ಮೇಲೂ ತುಟಿ ಬಿಚ್ಚುವಂತಿಲ್ಲ. ಟೈಲರಮ್ಮ ಚಹಾ ತರಬೇಕು, ಮೊದಲ ಗುಟುಕು ಗಂಟಲಿಗಿಳಿಯಬೇಕು, ಆಮೇಲೆ ಮಾತು. ಮಾತು ಶುರುವಾದರೆ ಮಾತ್ರ ಹಿಡಿಯುವವರಿಲ್ಲ. ಮನೆಗೆ ಬೆಂಕಿ ಬಿದ್ದರೆ ಯಾವ ಐದು ಆಲ್ಬಮ್ಮು ಎತ್ತಿಕೊಂಡು ಓಡುವುದು ಎಂಬ ಜಗಳ ಇನ್ನೂ ಇತ್ಯರ್ಥವಾಗಿರಲಿಲ್ಲ.

"ಮನೆಯವರನ್ನ ಯಾರು ಎತ್ಕೊಂಡು ಓಡೋದು?" ಎಂದು ಟೈಲರಮ್ಮ ಒಳಗಿನಿಂದ ಕೇಳಿದರೆ, "ನಿಮಗೆಲ್ಲ ಕಾಲಿದೆಯಲ್ಲಮ್ಮ" ಎನ್ನುತ್ತಿದ್ದರು ಮಾವ.

ಕೂಟ ಏಳುವ ಮುಂಚೆ ಯಾರಾದರೊಬ್ಬರು, "ಅವರ ಕಾಲಕ್ಕೇ ಮುಗೀತು ಬಿಡಿ, ಜಾಝ್ ಸತ್ತುಹೋಯ್ತು" ಎಂದು ನಿಟ್ಟುಸಿರು ಬಿಡುವುದು ವಾಡಿಕೆ. ಒಂದು ಭಾನುವಾರ ಮಗಳಿಗೆ ಇದನ್ನು ಕೇಳಿ ರೇಗಿತು. ಬಟಾಣಿ ಸುಲಿಯುತ್ತಿದ್ದವಳು ಬುಟ್ಟಿ ಕುಕ್ಕಿ ಹಜಾರಕ್ಕೆ ಬಂದಳು.

"ಸತ್ತಿರೋದು ನಿಮ್ಮ ರೆಕಾರ್ಡಿನೋರು ತಾತ, ಜಾಝ್ ಅಲ್ಲ. ಬುಧವಾರ ಸಾಯಂಕಾಲ ಸೈಕಲ್ ಅಂಗಡಿ ನೆಲಮಾಳಿಗೆಗೆ ಬನ್ನಿ, ಉಸಿರಾಡ್ತಾ ಇರೋದನ್ನ ತೋರಿಸ್ತೀನಿ."

"ಆಗಬೇಕಾದ್ದೆಲ್ಲ ಅವರೇ ನುಡಿಸಿ ಆಗಿದೆ ಕಣೇ."

"ಎಷ್ಟು ಸಲ ಕರೆದಿದೀನಿ! ಸತ್ತೋರಿಗೆ ಶೆಲ್ಫ್ ಮಾಡಿಸ್ತೀರ, ಬದುಕಿರೋರಿಗೆ ಒಂದು ಸಾಯಂಕಾಲ ಕೊಡಲ್ಲ. ಜನ ಬರಲಿಲ್ಲ ಅಂದ್ರೆ ಅಂಗಡಿಯೋರು ನೆಲಮಾಳಿಗೆಗೆ ಟೈರ್ ತುಂಬ್ತಾರೆ. ಆಮೇಲೆ ನಾವು ನುಡಿಸೋದಾದ್ರೂ ಎಲ್ಲಿ?"

ನಾವು ಎಂದರೆ ಮೂವರು. ಪಿಯಾನೋ ನುಡಿಸುವವರು ಬೆಳಿಗ್ಗೆ ಶಾಲೆಯಲ್ಲಿ ಲೆಕ್ಕದ ಮೇಷ್ಟರು. ಡ್ರಮ್ಮಿನವನು ಕೊರಿಯರ್ ವ್ಯಾನ್ ಓಡಿಸುತ್ತಿದ್ದ. ಮಗಳಿಗೆ ಮಾತ್ರ ಬೇರೆ ಕೆಲಸವಿರಲಿಲ್ಲ, ಟೈಲರಮ್ಮನ ಎದೆಯಲ್ಲಿ ಕೂತಿದ್ದ ಕಲ್ಲು ಅದೇ. ಯಾರಿಗೂ ಹೇಳದೆ ತನ್ನ ಅಣ್ಣನ ಹತ್ತಿರ ಹೋಗಿ, ನಲ್ಲಿ, ವಾಶ್‌ಬೇಸಿನ್, ಕಮೋಡು ಮಾರುವ ಅವನ ಶೋರೂಮಿನಲ್ಲಿ ಮಗಳಿಗೊಂದು ಕೆಲಸ ಕೊಡು ಎಂದು ಕೇಳಿಕೊಂಡು ಬಂದಿದ್ದಳು. ಅವನು ಹೂಂ ಎಂದಿದ್ದ. ಬೆಳಿಗ್ಗೆಯಿಂದ ರಾತ್ರಿ ಅಂಗಡಿ ಮುಚ್ಚುವ ತನಕ ಕೆಲಸ, ಸೋಮವಾರ ರಜೆ. ಮಾಮ ತಾವಾಗಿಯೇ ಕರೆದಿದ್ದಾರೆ ಎಂದುಕೊಂಡಿದ್ದ ಮಗಳು, "ಬುಧವಾರ ಬಿಡಲ್ಲವಲ್ಲ, ಬೇಡ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಟೈಲರಮ್ಮ ಚಹಾದ ಲೋಟ ಎತ್ತುತ್ತ ಒಂದು ಲೆಕ್ಕ ಹಾಕಿದಳು. ಮಾವನಿಗೆ ಹೊಸಬರು ಯಾರೂ ಹಿಡಿಸುವುದಿಲ್ಲ. ಕೇಳಿ ಬಂದು ಮುಖಕ್ಕೆ ಹೊಡೆದಂತೆ 'ಚೆನ್ನಾಗಿಲ್ಲ' ಎಂದುಬಿಟ್ಟರೆ ಹುಡುಗಿಯ ಹುಚ್ಚು ಬಿಟ್ಟೀತು.

"ಮಗು ಅಷ್ಟು ಕರೀತಿದೆ. ಮೂರು ಜನಾನೂ ಒಂದ್ಸಲ ಹೋಗಿ ಬನ್ನಿ ಮಾವ," ಎಂದಳು.

ಮಗಳು ಅಮ್ಮನನ್ನು ಎಷ್ಟು ಪ್ರೀತಿಯಿಂದ ನೋಡಿದಳೆಂದರೆ ಟೈಲರಮ್ಮ ಲೋಟ ತೊಳೆಯುವ ನೆಪದಲ್ಲಿ ಒಳಗೆ ನಡೆದಳು.

ಬುಧವಾರ ಮೂವರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಮಗಳು ಮುಂದಿನ ಸಾಲಿನಲ್ಲಿ ಮೂರು ಕುರ್ಚಿ ಕಾದಿರಿಸಿದ್ದಳು. ಟೈಲರಮ್ಮ ತನ್ನ ಹೊಲಿಗೆಯಂಗಡಿಯಿಂದ ತಂದಿಟ್ಟಿದ್ದ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತ ಕೂತಳು. ಎಂಟರ ತನಕ ಕಾರ್ಯಕ್ರಮವೆಂದು ಹೇಳಿದ್ದರೂ ಏಳೂವರೆಗೇ ಬಾಗಿಲು ಬಡಿದ ಸದ್ದಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು.

"ಇಷ್ಟು ಬೇಗ ಮುಗೀತಾ?"

ಮಾವ ಕೈಯಲ್ಲೇ ಲೋಟ ಎತ್ತುವ ಸನ್ನೆ ಮಾಡಿದರು. ಅವಳು ಚಹಾ ತಂದಳು. ಗುಟುಕು ಇಳಿಯಿತು.

"ಅಬ್ಬಾ," ಎಂದರು ಪೋಸ್ಟ್ ಮಾಸ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಆ ಬೀದಿಯಲ್ಲಿ ಒಂದು ಚಹಾದಂಗಡಿ ಇಲ್ಲ ಕಣಮ್ಮ," ಎಂದರು ಕನ್ನಡಕದವರು. "ಹುಡುಕಿ ಹುಡುಕಿ ಕಾಲು ಬಿದ್ದುಹೋಯ್ತು. ಮೊದಲನೇ ಬದಿ ಮುಗೀತು, ಬಾಯಿ ಬಿಡೋ ಹಾಗಿಲ್ಲ, ಹೊಟ್ಟೆಯೊಳಗೆ ಮಾತು ಕುದೀತಿದೆ. ಸರಿ, ಮನೆಗೇ ಹೋಗೋಣ ಅಂತ ಬಂದ್ವಿ. ಇನ್ನೊಂದು ಬದಿ ಮುಂದಿನ ವಾರ ಕೇಳಿದ್ರಾಯ್ತು."

ಮಾವ ಲೋಟ ಕೆಳಗಿಟ್ಟರು. "ಎರಡನೇ ಹಾಡಿನಲ್ಲಿ, ಕೊನೆ ಕೊನೆಗೆ, ಅವಳೊಬ್ಬಳೇ ನುಡಿಸಿದಳಲ್ಲ," ಎಂದರು. "ಲಿಫ್ಟು ಎರಡು ಮಹಡಿ ಮಧ್ಯ ನಿಂತುಬಿಟ್ಟ ಹಾಗೆ ನಿಂತಳು ನೋಡಿ. ನಾನು ಹೆದರಿಬಿಟ್ಟೆ. ಆಮೇಲೆ ಮೆಲ್ಲಗೆ ಇಳಿಸಿದಳು. ಒದ್ದೆ ಕೋಟಿನವನು ಇದ್ದಿದ್ರೆ ಎದ್ದು ನಿಂತು ಕೈ ಮುಗೀತಿದ್ದ."

ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಮಾತು ಯಾರ ಬಗ್ಗೆಯೂ ಬಂದಿರಲಿಲ್ಲ. ಟೈಲರಮ್ಮನಿಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಶೋರೂಮಿನ ಕೆಲಸ ನೆನಪಾಯಿತು. ಚಹಾ ಮುಗಿದು, ಮಾವ ಗೆಳೆಯರನ್ನು ಬಸ್‌ಸ್ಟಾಪಿನ ತನಕ ಬಿಟ್ಟು ಬರಲು ಹೋದರು.

ಅವರು ಆ ಕಡೆ ಹೋಗುತ್ತಲೇ ಮಗಳು ಈ ಕಡೆಯಿಂದ ಬಂದಳು. ಮನೆ ಅಳಿಯನನ್ನು ಮೂಲೆಗೆ ಒರಗಿಸಿ, ಚೀಲವನ್ನೂ ಬಿಚ್ಚದೆ ನೆಲದ ಮೇಲೆ ಕೂತಳು.

"ಒಂದು ಚಪ್ಪಾಳೆ ಇಲ್ಲಮ್ಮ. ಮೂರು ಜನಾನೂ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತಿದ್ರು. ಅವರನ್ನ ನೋಡಿ ಬೇರೆಯೋರೂ ತಟ್ಟಲಿಲ್ಲ. ಬ್ರೇಕ್ ಆದ ತಕ್ಷಣ ಎದ್ದು ಹೋಗಿಬಿಟ್ರು. ಒಂದು ಮಾತಿಲ್ಲ, ನನ್ನ ಕಡೆ ತಿರುಗಿ ನೋಡೋದೂ ಇಲ್ಲ. ಮುಂದಿನ ಸಾಲಲ್ಲಿ ಮೂರು ಖಾಲಿ ಕುರ್ಚಿ. ಅದನ್ನೇ ನೋಡ್ಕೊಂಡು ಉಳಿದಿದ್ದು ನುಡಿಸಿದೆ."

ಟೈಲರಮ್ಮ ಆಗಷ್ಟೇ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಬಿಸಿಯಿದ್ದದ್ದರಿಂದ ಕೈಯಿಂದ ಕೈಗೆ ಹೊರಳಿಸುತ್ತಿದ್ದಳು.

"ತಾತ ಏನಾದ್ರೂ ಅಂದ್ರಾ?" ಎಂದು ಮಗಳು ಕೇಳಿದಳು.

ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಒಂದು ಆಲೂಗಡ್ಡೆ ಪೂರ್ತಿ ಸುಲಿದಾಯಿತು.

"ಏನೂ ಅನ್ನಲಿಲ್ಲ," ಎಂದಳು ಟೈಲರಮ್ಮ.

ಮಗಳು ತಲೆಯಾಡಿಸಿದಳು. "ಮಾಮನಿಗೆ ಫೋನ್ ಮಾಡಮ್ಮ. ಬರ್ತೀನಿ ಅಂತ ಹೇಳು."

ಹೀಗೆ ಮಗಳು ಶೋರೂಮಿಗೆ ಸೇರಿದಳು. ಮಾವ ಏಳುವ ಮೊದಲೇ ಹೊರಡುತ್ತಿದ್ದಳು, ಅವರು ಮಲಗಿದ ಮೇಲೆ ಬರುತ್ತಿದ್ದಳು. ಬೇಕೆಂದೇ ಹಾಗೆ ಮಾಡುತ್ತಿದ್ದಳು, ಸೋಮವಾರದ ರಜೆಯನ್ನೂ ಹೊರಗೇ ಕಳೆಯುತ್ತಿದ್ದಳು. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು ಮಲಗುತ್ತಿದ್ದಳು. ಮೊದಲೆಲ್ಲ ಊಟ ಬಡಿಸುವ ತನಕ ಅವಳ ಬೆರಳು ಮೇಜಿನ ಮೇಲೆ ಏನನ್ನೋ ಕುಟ್ಟುತ್ತಿತ್ತು. ಟೈಲರಮ್ಮ "ಸುಮ್ಮನಿರೇ" ಎಂದು ಗದರಿದ್ದಕ್ಕೆ ಲೆಕ್ಕವಿಲ್ಲ. ಈಗ ಬೆರಳು ಸುಮ್ಮನಿತ್ತು. ಬೇಕೆಂದದ್ದು ಸಿಕ್ಕಿತ್ತು, ಆದರೆ ಟೈಲರಮ್ಮನಿಗೆ ಊಟ ಸೇರುತ್ತಿರಲಿಲ್ಲ. ಹೊಲಿಗೆಯಂಗಡಿಯಲ್ಲಿ ಒಬ್ಬರ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಗಿಡ್ಡ ಮಾಡಿ ಬೈಸಿಕೊಂಡಳು.

ಮಾವನಿಗೆ ಮೊಮ್ಮಗಳ ಕೋಪದ ಸುಳಿವೇ ಇರಲಿಲ್ಲ. ಆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಬೇಕಾದರೂ ಟೈಲರಮ್ಮನ ಮೂಲಕವೇ ಹೋಗುತ್ತಿತ್ತು. ಅವತ್ತು ಆಡಿದ್ದೆಲ್ಲ ತಲುಪಿದೆ ಎಂದೇ ಅವರು ತಿಳಿದಿದ್ದರು. ಅವರದು ಬೇರೆಯೇ ತಾಪತ್ರಯ. ದಿನಕ್ಕೆರಡು ರೆಕಾರ್ಡು ಇಳಿಸುತ್ತಿದ್ದರು, ಸ್ವಲ್ಪ ಕೇಳಿ ಎತ್ತಿಡುತ್ತಿದ್ದರು.

"ಏನು ಹುಡುಕ್ತಿದೀರ ಮಾವ?"

"ಅವಳು ನುಡಿಸಿದ್ದು. ಎಲ್ಲಿಂದಲೋ ಎತ್ತಿರಬೇಕಲ್ಲಮ್ಮ. ಒದ್ದೆ ಕೋಟಿನಲ್ಲಿ ಇಲ್ಲ, ಸೇತುವೆಯಲ್ಲೂ ಇಲ್ಲ." ಅವರು ಗುನುಗಲು ನೋಡಿದರು, ತಪ್ಪಿತು, ಮತ್ತೆ ನೋಡಿದರು.

ಟೈಲರಮ್ಮ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಮುಂದಿನದನ್ನು ತಾನೇ ಗುನುಗಿದಳು. ಮಗಳು ಈ ಹಜಾರದಲ್ಲಿ ಕೂತು ತಿಂಗಳುಗಟ್ಟಲೆ ಅದನ್ನು ಬೆಳೆಸುವಾಗ ಪಕ್ಕದಲ್ಲಿ ಅಂಗಿ ತೀಡುತ್ತಿದ್ದವಳು ಅವಳೇ ಅಲ್ಲವೇ?

"ಅದೇ! ಅದೇ! ಯಾರದಮ್ಮ ಅದು?"

"ಯಾರದೂ ಅಲ್ಲ ಮಾವ. ಅವಳದೇ."

ಮಾವ ಗೋಡೆ ತುಂಬ ನಿಂತ ರೆಕಾರ್ಡುಗಳನ್ನೊಮ್ಮೆ ನೋಡಿದರು. "ಹಾಗಾದ್ರೆ ಇದರಲ್ಲಿ ಸಿಗಲ್ಲ ಅನ್ನು," ಎಂದರು.

ಒಂದು ಶುಕ್ರವಾರ ಶೋರೂಮಿನ ಬೀದಿಯಲ್ಲಿ ಕರೆಂಟು ಹೋಗಿ ಅಂಗಡಿ ಬೇಗ ಮುಚ್ಚಿತು. ಬಹಳ ದಿನದ ಮೇಲೆ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತರು. ಮಗಳು ತಟ್ಟೆಯಿಂದ ತಲೆಯೆತ್ತದೆ, "ಭಾನುವಾರ ಸಂಗೀತ ಶಾಲೆಯೋರು ಬರ್ತಾರೆ. ಬೇಸ್ ಕೊಂಡ್ಕೊಳ್ತಾರಂತೆ" ಎಂದಳು.

ಮಾವನ ಚಮಚ ನಿಂತಿತು. "ಮಾರ್ತೀಯಾ? ಮತ್ತೆ ಎರಡನೇ ಬದಿ?"

"ಯಾವ ಎರಡನೇ ಬದಿ?"

"ಅವತ್ತು ಒಂದೇ ಬದಿ ಕೇಳಿದ್ದಲ್ಲವೇನೇ ನಾವು? ಇನ್ನೊಂದು ಯಾವಾಗ ಅಂತ ಪೋಸ್ಟ್ ಮಾಸ್ಟರು ಪ್ರಾಣ ತಿಂತಿದಾರೆ. ನೀನಂತೂ ಕೈಗೇ ಸಿಗಲ್ಲ."

"ಅದು ರೆಕಾರ್ಡಲ್ಲ ತಾತ! ನಾವು ಒಂದು ಗಳಿಗೆ ಬ್ರೇಕ್ ತಗೊಂಡಿದ್ದು. ನೀವು ಎದ್ದು ಹೋದ್ರಿ."

"ಚಹಾಕ್ಕೆ ಹೋದ್ವಿ."

"ಹೋಗೋ ತನಕ ನಿದ್ದೆ ಮಾಡಿದ್ರಿ."

"ನಿದ್ದೆ?" ಮಾವನ ಧ್ವನಿ ಏರಿತು. "ಗಂಟಲು ಕಿಚಕಿಚ ಅಂತಿತ್ತು ಕಣೇ, ಪ್ರಾಣ ಹೋದ್ರೂ ಕೆಮ್ಮಬಾರದು ಅಂತ ಉಸಿರು ಕಟ್ಟಿ ಕೂತಿದ್ದೆ. ಮನೆಗೆ ಬಂದು ನಿನ್ನ ಬಗ್ಗೇನೇ ಮಾತು. ಒದ್ದೆ ಕೋಟಿನವನು ಎದ್ದು ಕೈ ಮುಗೀತಿದ್ದ ಅಂದೆ. ನಿಮ್ಮಮ್ಮ ಹೇಳಲಿಲ್ವಾ?"

ಮೂವರೂ ಟೈಲರಮ್ಮನ ಕಡೆ ತಿರುಗಿದರು.

"ಹೇಳಲಿಲ್ಲ," ಎಂದಳು ಅವಳು.

"ನಾನು ಕೇಳಿದ್ನಲ್ಲಮ್ಮ," ಎಂದಳು ಮಗಳು. "ತಾತ ಏನಾದ್ರೂ ಅಂದ್ರಾ ಅಂತ ಕೇಳಿದ್ನಲ್ಲ."

"ಹೇಳಿದ್ರೆ ನೀನು ಕೆಲಸಕ್ಕೆ ಹೋಗ್ತಿದ್ಯಾ? ಮಾಮನ ಹತ್ರ ಕೆಲಸ ಕೇಳಿದ್ದೂ ನಾನೇ. ನಿಮ್ಮಪ್ಪನ ಸೊಂಟ ನೋಡು, ಇನ್ನೆಷ್ಟು ವರ್ಷ ಬಸ್ ಓಡಿಸ್ತಾರೆ? ನನಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣ್ತಿಲ್ಲ. ನಾಳೆ ನಿನಗೆ ಯಾರು ದಿಕ್ಕು? ಆ ನೆಲಮಾಳಿಗೆ ಅನ್ನ ಹಾಕುತ್ತಾ?"

"ಹಾಕಲ್ಲ. ಅದನ್ನ ನನ್ನ ಮುಖಕ್ಕೆ ಹೇಳಬಹುದಿತ್ತು. ಜಗಳ ಆಡಬಹುದಿತ್ತು. ತಾತನ ಮಾತು ಯಾಕೆ ಬಚ್ಚಿಟ್ಟೆ?"

ಟೈಲರಮ್ಮ ಗಂಡನ ಕಡೆ ನೋಡಿದಳು. ಎಂದೂ ಎದುರಾಡದ ಮನುಷ್ಯ ತಟ್ಟೆ ಪಕ್ಕಕ್ಕೆ ಸರಿಸಿದ್ದ.

"ಇಷ್ಟು ವರ್ಷ ನುಡಿಸಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಅದೊಂದು ಮಾತು," ಎಂದ. "ಅದನ್ನೂ ನೀನು ಎತ್ತಿಟ್ಕೊಂಡುಬಿಟ್ಯಲ್ಲೇ."

ಮಗಳು ಅರ್ಧ ಊಟಕ್ಕೆ ಎದ್ದಳು. ಅವತ್ತಿನಿಂದ ಅಮ್ಮನ ಜೊತೆ ಮಾತು ಬಿಟ್ಟಳು. ಟೈಲರಮ್ಮನಿಗೆ ನಾಚಿಕೆಯಾಗಿತ್ತು. ಯಾರಾದರೂ ಇನ್ನೂ ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು, ಯಾರೂ ಬೈಯಲಿಲ್ಲ.

ಭಾನುವಾರ ಮಗಳು ಶೋರೂಮಿನಲ್ಲಿದ್ದಾಗ ಸಂಗೀತ ಶಾಲೆಯವರು ಬಂದರು. ಮಾವ ಬಾಗಿಲಲ್ಲೇ ನಿಂತು, "ಮನೆ ಅಳಿಯನ್ನ ಮಾರೋ ಪದ್ಧತಿ ನಮ್ಮಲ್ಲಿಲ್ಲ" ಎಂದರು. ಬಂದವರು ಮನೆ ತಪ್ಪಿತೇನೋ ಎಂದು ಬಾಗಿಲ ನಂಬರು ನೋಡಿಕೊಂಡು ಹೊರಟುಹೋದರು.

ಸೋಮವಾರ ಟೈಲರಮ್ಮ ಕೆಲಸ ಮುಗಿಸಿ ಅಣ್ಣನ ಶೋರೂಮಿಗೆ ಹೋದಳು. ಮಗಳಿಗೆ ಅವತ್ತು ರಜೆ.

"ಬುಧವಾರ ಸಾಯಂಕಾಲ ಅವಳನ್ನ ಬಿಡು. ಅವಳ ಜಾಗದಲ್ಲಿ ನಾನು ಕೂರ್ತೀನಿ."

"ನಿನಗೆ ನಲ್ಲಿ ವಿಚಾರ ಏನು ಗೊತ್ತು?"

"ಹುಟ್ಟಿದಾಗಿಂದ ನನ್ನ ಕೈ ನಲ್ಲಿ ಕೆಳಗೇ ಇದೆ. ನಿನಗಿಂತ ಹೆಚ್ಚು ಗೊತ್ತು."

"ಕೆಲಸ ಕೊಡು ಅಂತ ಕಾಲು ಹಿಡಿದೋಳೂ ನೀನೇ ಅಲ್ವಾ?"

"ಹೌದು. ಈಗ ಒಂದು ಸಾಯಂಕಾಲ ಬಿಡು ಅಂತ ಮತ್ತೆ ಹಿಡೀತೀನಿ. ಕೊಡು ಕಾಲು."

ಅಣ್ಣ ಕಾಲು ಹಿಂದಕ್ಕೆಳೆದುಕೊಂಡ. "ಆಯ್ತು ಮಾರಾಯ್ತಿ. ಮಾರಾಟ ಕೆಟ್ರೆ ನೀನೇ ಜವಾಬ್ದಾರಿ."

ಮನೆಗೆ ಬಂದು ಮಾವನಿಗೂ ಒಂದು ಮಾತು ಹೇಳಿದಳು. "ಬುಧವಾರ ಪ್ರತಿ ಹಾಡಿಗೂ ಚಪ್ಪಾಳೆ ತಟ್ಟಬೇಕು. ಕಣ್ಣು ಬಿಟ್ಕೊಂಡು ಅವಳನ್ನ ನೋಡಬೇಕು. ಪೂರ್ತಿ ಮುಗಿಯೋ ತನಕ ಏಳಬಾರದು. ಚಹಾ ನಾನು ಫ್ಲಾಸ್ಕಿನಲ್ಲಿ ಹಾಕಿ ಕೊಡ್ತೀನಿ."

"ಮಧ್ಯೆ ಸದ್ದು ಮಾಡೋದಾ?" ಮಾವನಿಗೆ ಎದೆ ಒಡೆದಂತಾಯಿತು.

"ಮಾಡಿ. ಅವರಿಗೆ ಕೇಳಿಸುತ್ತೆ ಮಾವ. ನಿಮ್ಮ ರೆಕಾರ್ಡಿನೋರ ಹಾಗಲ್ಲ."

ಬುಧವಾರ ಸಂಜೆ ಮಗಳು ಗಿರಾಕಿಯೊಬ್ಬರಿಗೆ ಶವರ್ ತೋರಿಸುತ್ತಿದ್ದಳು. ಟೈಲರಮ್ಮ ನೇರ ಹೋಗಿ ಅವಳ ಕುರ್ಚಿಯಲ್ಲಿ ಕೂತು, "ನೀನು ಹೊರಡು" ಎಂದಳು. "ಮಾಮನಿಗೆ ಹೇಳಿದೀನಿ. ಪಿಯಾನೋ ಮೇಷ್ಟರಿಗೆ ನಿಮ್ಮಪ್ಪ ಹೇಳಿದಾರೆ. ಅಪ್ಪ ಹೊರಗೆ ಕಾಯ್ತಿದಾರೆ, ನೋಡು."

ಹೊರಗೆ ಹಳದಿ ಸ್ಕೂಲ್ ಬಸ್ಸು ನಿಂತಿತ್ತು. ಸೀಟುಗಳ ನಡುವಿನ ದಾರಿಯಲ್ಲಿ ಮನೆ ಅಳಿಯ ಉದ್ದಕ್ಕೆ ಮಲಗಿದ್ದ. ಚಿಕ್ಕ ಮಕ್ಕಳ ಸೀಟಿನಲ್ಲಿ ಮೂವರು ಮುದುಕರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮಗಳು ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೈಯಲ್ಲಿದ್ದ ಶವರನ್ನು ಅವಳ ಮುಂದಿಟ್ಟು ಹೋದಳು.

ಟೈಲರಮ್ಮ ಥಳಥಳಿಸುವ ಕಮೋಡುಗಳ ಸಾಲಿನ ಮಧ್ಯೆ ಅಂಗಡಿ ಮುಚ್ಚುವ ತನಕ ಕೂತಿದ್ದಳು. ಕೊಳ್ಳಲು ಬಂದವರಿಗಿಂತ ನೋಡಿ ಹೋದವರೇ ಹೆಚ್ಚು. ಆರು ಗಂಟೆಗೆ, ಈಗ ಶುರುವಾಗಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ, ಈಗ ಎರಡನೆಯದು ಎಂದುಕೊಂಡಳು. ಆಮೇಲೆ ಗಿರಾಕಿಯೊಬ್ಬ ಬಂದು ಪೈಪಿನ ಅಳತೆ ಕೇಳಿ ಲೆಕ್ಕ ತಪ್ಪಿಸಿದ.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಗಂಡನೇ ಆಲೂಗಡ್ಡೆ ಬೇಯಿಸಿದ್ದ, ಉಪ್ಪು ಹೆಚ್ಚಾಗಿತ್ತು. ಮಾವನ ಅಂಗೈ ಕೆಂಪಗಾಗಿತ್ತು.

"ಅಪ್ಪ ಹಾಡಿನ ಮಧ್ಯೆಯೇ ಶುರು ಮಾಡಿಬಿಟ್ರು," ಎಂದ ಗಂಡ. "ಸೊಳ್ಳೆ ಹೊಡೀತಿದಾರೇನೋ ಅಂದ್ಕೊಂಡೆ. ಆಮೇಲೆ ಎಲ್ಲರೂ ತಟ್ಟಿದ್ರು. ಸೈಕಲ್ ಅಂಗಡಿಯೋರು ಕೂಡ ಇಳಿದು ಬಂದು ನಿಂತಿದ್ರು. ಟೈರ್ ಮುಂದಿನ ತಿಂಗಳು ನೋಡೋಣ ಅಂದ್ರು."

"ಆದರೆ ಅದು ಬರಲಿಲ್ಲ," ಎಂದರು ಮಾವ, ಇನ್ನೂ ಸಮಾಧಾನವಿಲ್ಲದೆ. "ಅವತ್ತು ನಿಂತು ಇಳಿದಳಲ್ಲ, ಹಾಗೆ ಇಳೀಲಿಲ್ಲ. ಇನ್ನೊಂದ್ಸಲ ನುಡಿಸು ಅಂದೆ. ನುಡಿಸಿದಳು. ಅದೂ ಬೇರೆಯೇ ಆಯ್ತು!"

"ಧಾಟಿ ಅದೇ ತಾತ, ನಿಲ್ಲೋದು ಇಳಿಯೋದು ಮಾತ್ರ ಆಯಾ ಹೊತ್ತಿಗೆ ಹುಟ್ಟುತ್ತೆ. ಅವತ್ತಿಂದು ಅವತ್ತಿಗೆ ಹೋಯ್ತು. ಮುಂದಿನ ಬುಧವಾರ ಇನ್ನೊಂದು ಬರುತ್ತೆ."

"ಹಾಗಾದ್ರೆ ವಾರಾ ವಾರಾ ಬರಬೇಕಾಗುತ್ತಲ್ಲೇ?"

"ಹೂಂ."

ಮಾವ ಗೋಡೆಯ ಕಡೆ ನೋಡಿ, ಮೊಮ್ಮಗಳ ಕಡೆ ನೋಡಿ, "ಸರಿ" ಎಂದರು.

ಮಗಳು ಅಮ್ಮನತ್ತ ತಿರುಗಿದಳು. "ಎಷ್ಟು ಮಾರಿದೆ?" ಶುಕ್ರವಾರದಿಂದೀಚೆಗೆ ಅದೇ ಮೊದಲ ಮಾತು.

"ಒಂದು ನಲ್ಲಿ."

"ಮುಂದಿನ ಬುಧವಾರ?"

"ನಾನೇ ಕೂರ್ತೀನಿ. ಅಣ್ಣನಿಗೆ ಹೇಳಿ ಬಂದಿದೀನಿ. ಪ್ರತಿ ಬುಧವಾರ."

"ಹಾಗಾದ್ರೆ ನೀನು ಕೇಳೋದು ಯಾವಾಗ?"

ಟೈಲರಮ್ಮನಿಗೆ ಅಲ್ಲಿಯ ತನಕ ಅದು ಹೊಳೆದೇ ಇರಲಿಲ್ಲ. ಹೊಳೆದ ಕೂಡಲೇ ಸಂಕಟವಾಯಿತು. "ಇವರೆಲ್ಲ ಬಂದು ಹೇಳ್ತಾರಲ್ಲ," ಎಂದಳು.

"ಹೇಳದೇ ಇದ್ರೆ?"

ಟೈಲರಮ್ಮ ತಲೆ ತಗ್ಗಿಸಿದಳು. ಪಾತ್ರೆಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ಮಗಳು ಅಮ್ಮನ ತಟ್ಟೆಗೆ ಹಾಕಿ, ಪಕ್ಕದ ಕುರ್ಚಿ ಎಳೆದಿಟ್ಟಳು.

"ನಾನೇ ಹೇಳ್ತೀನಿ ಬಾ," ಎಂದಳು. "ಕೂತ್ಕೊಂಡು ಊಟ ಮಾಡು."